ಕಾಡಿನ ಮರದ ಮನಿ ನಮ್ಮ ಹೊಲಕ್ಕೆ ಹೊಂದತ್ತಾ? ರೊಕ್ಕ ಹಾಕೋ ಮುಂಚೆ ತಿಳಿಯಬೇಕಾದ ಸಂಗತಿ

ಕವಿತಾಳ: ಸುತ್ತ ದಟ್ಟ ಕಾಡು, ನಡುವೆ ಒಂದೇ ಒಂದು ಮರದ ಮನೆ, ಮುಂದೆ ಹಲಗೆ ಹಾಕಿದ ಕಟ್ಟೆ, ಗಾಜಿನ ಗೋಡೆ, ಒಳಗೆ ಹಳದಿ ದೀಪ. ಇಂಥ ಫೋಟೋ, ವಿಡಿಯೋ ಈಗ ಎಲ್ಲರ ಫೋನಿನಾಗೂ ಓಡಾಡ್ತಾವ. ನೋಡಿದವರಿಗೆ ಎರಡು ಆಸೆ ಹುಟ್ಟತಾವ. ಒಂದು, ರಜಾದಾಗ ಹೋಗಿ ಎರಡು ದಿನ ಇದ್ದು ಬರಬೇಕು. ಇನ್ನೊಂದು, ಅಂಥದೊಂದು ನಾವೇ ಯಾಕ ಕಟ್ಟಬಾರದು, ಬಾಡಿಗೆಗೂ ಕೊಡಬಹುದಲ್ಲ ಅನ್ನೋದು. ಮೊದಲನೇದಕ್ಕೆ ಸಾವಿರದ ಲೆಕ್ಕ, ಎರಡನೇದಕ್ಕೆ ಲಕ್ಷದ ಲೆಕ್ಕ. ಅಂಗಡಿ ವ್ಯಾಪಾರದಾಗ ಉಳಿಸಿದ ರೊಕ್ಕ, ಹತ್ತಿ ಮಾರಿದ ರೊಕ್ಕ ಇಂಥದಕ್ಕೆ ಹಾಕೋ ಮುಂಚೆ ಈ ಮನೆ ಎಲ್ಲಿಯದು, ಹ್ಯಾಂಗ ನಿಲ್ಲತ್ತ, ಕಾನೂನು ಏನು ಹೇಳತ್ತ ಅನ್ನೋದನ್ನ ಒಂದೇ ಕಡೆ ಇಲ್ಲಿ ಕೊಡಲಾಗಿದೆ.

ಮರದ ಮನೆ ಅಂದ್ರ ಏನು?

ಇದರಾಗ ಮೂರು ಜಾತಿ ಅದಾವ. ಮೊದಲನೇದು ಲಾಗ್ ಹಟ್. ದುಂಡು ದಿಮ್ಮಿಗಳನ್ನ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಕಚ್ಚು ಹೊಡೆದು ಕೂಡಿಸೋದು. ಇದಕ್ಕೆ ಮರ ಬಹಳ ತಿನ್ನತ್ತ. ನಾರ್ವೆ, ರಷ್ಯಾ, ಕೆನಡಾದಂಥ ಚಳಿ ದೇಶದ ಪದ್ಧತಿ, ಅಲ್ಲಿ ನೆಟ್ಟಗೆ ಬೆಳೆಯೋ ಪೈನ್ ಜಾತಿಯ ಮರ ಯಥೇಚ್ಛ. ಎರಡನೇದು ಚೌಕಟ್ಟಿನ ಮನೆ. ಕಂಬ, ತೊಲೆ ನಿಲ್ಲಿಸಿ ಎರಡೂ ಬದಿ ಹಲಗೆ ಬಡಿಯೋದು, ನಡುವೆ ಬಿಸಿಲು ತಡೆಯೋ ಹತ್ತಿಯಂಥ ವಸ್ತು ತುಂಬೋದು. ಈಗ ವಿಡಿಯೋದಾಗ ಕಾಣೋ ಬಹುತೇಕ ಮನೆಗಳು ಇವೇ. ಮೂರನೇದು ತೆಳು ಹಲಗೆಗಳನ್ನ ಅಂಟು ಹಾಕಿ ಒತ್ತಿ ಮಾಡಿದ ದಪ್ಪ ತೊಲೆ, ದಪ್ಪ ಗೋಡೆ. ಈ ಪದ್ಧತಿಯಿಂದ ನಾರ್ವೆಯಲ್ಲಿ 2019ರಲ್ಲಿ 18 ಅಂತಸ್ತಿನ, ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ 25 ಅಂತಸ್ತಿನ ಕಟ್ಟಡ ಎದ್ದಿವೆ. ನಮ್ಮ ಕಡೆ ಅದು ಇನ್ನೂ ದೂರದ ಮಾತು.

ನಾಲ್ಕನೇದೂ ಒಂದು ಐತಿ, ಅದಕ್ಕೆ ಮರದ ಮನೆ ಅಂತ ಹೆಸರು ಮಾತ್ರ. ಕಬ್ಬಿಣದ ಚೌಕಟ್ಟು, ಸಿಮೆಂಟ್ ಹಲಗೆ, ಮೇಲೆ ಮರದ ಬಣ್ಣದ ಹಾಳೆ. ಮಾರುವವರು ಇದನ್ನೂ 'ವುಡನ್ ಕಾಟೇಜ್' ಅಂತಲೇ ಮಾರ್ತಾರ. ಕೆಟ್ಟದ್ದು ಅಂತಲ್ಲ, ಆದರೆ ಮರದ ರೇಟು ಕೊಟ್ಟು ತರಬ್ಯಾಡ್ರಿ. ಒಂದು ಮೂಲೆ ಕೊಯ್ದು ತೋರಿಸು ಅಂದ್ರ ಗೊತ್ತಾಗತ್ತ.

ಕರ್ನಾಟಕದಾಗ ಇಂಥವು ಎಲ್ಲಿ ಅದಾವ?

ಕಾಡಿನೊಳಗೆ ಸರ್ಕಾರವೇ ನಡೆಸೋ ವಸತಿಗೆ ನಮ್ಮ ರಾಜ್ಯ ಹಳೇ ಹೆಸರು. ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ 1980ರಲ್ಲಿ ಶುರುವಾಯಿತು. ಮೊದಲು ನೇಪಾಳದ ಟೈಗರ್ ಟಾಪ್ಸ್ ಕಂಪನಿ ಪಾಲುದಾರಿಕೆ ಇತ್ತು, 1987ರಲ್ಲಿ ಪೂರ್ತಿ ರಾಜ್ಯ ಸರ್ಕಾರದ ಕೈಗೆ ಬಂತು. ಕಬಿನಿ ಹಿನ್ನೀರಿನ ಕಾರಾಪುರದಲ್ಲಿ ಮೈಸೂರು ಮಹಾರಾಜರ ಕಾಲದ ಬೇಟೆ ಬಂಗಲೆಯನ್ನೇ ವಸತಿ ಮಾಡಿದ್ದು ಈ ಸಂಸ್ಥೆಯ ಮೊದಲ ಕೆಲಸ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದ ಕೆ.ಗುಡಿ, ಅಂದರೆ ಕ್ಯಾತದೇವರ ಗುಡಿ, ಮತ್ತು ಮಂಡ್ಯ ಜಿಲ್ಲೆಯ ಕಾವೇರಿ ದಂಡೆಯ ಭೀಮೇಶ್ವರಿಯಲ್ಲಿ ಲಾಗ್ ಹಟ್‌ಗಳಿವೆ.

ನಮ್ಮ ಭಾಗದವರಿಗೆ ದಾರಿ ಅನುಕೂಲ ಅಂದ್ರ ಉತ್ತರ ಕನ್ನಡದ ದಾಂಡೇಲಿ. ಹುಬ್ಬಳ್ಳಿ, ಧಾರವಾಡ, ಹಳಿಯಾಳ ದಾಟಿದರೆ ಬಂತು. ದಾಂಡೇಲಿ ಊರು ಬೆಳೆದಿದ್ದೇ ಮರದಿಂದ. ಅರಣ್ಯ ಇಲಾಖೆಯ ಟಿಂಬರ್ ಡಿಪೊ, ಕಾಗದದ ಕಾರ್ಖಾನೆ, ಪ್ಲೈವುಡ್ ಎಲ್ಲಾ ಇಲ್ಲಿಯ ಹೆಸರು. 1956ರಲ್ಲಿ ಇಲ್ಲಿ ವನ್ಯಜೀವಿ ಧಾಮ ಆಯಿತು, 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಮೀಸಲು, 2015ರಲ್ಲಿ ಅದಕ್ಕೆ ಕಾಳಿ ಹುಲಿ ಮೀಸಲು ಪ್ರದೇಶ ಅಂತ ಹೆಸರು ಬದಲಾಯಿತು. ಕಾಳಿ ನದಿ ದಂಡೆಯ ಸರ್ಕಾರಿ ಕ್ಯಾಂಪು, ಕುಳಗಿಯ ನೇಚರ್ ಕ್ಯಾಂಪು, ಸುತ್ತಲಿನ ಖಾಸಗಿ ಹೋಂಸ್ಟೇಗಳು ಇಲ್ಲಿ ಸಿಗತಾವ.

ಇನ್ನೂ ಹತ್ತಿರ ಬೇಕಂದ್ರ ಹಂಪಿ ಪಕ್ಕದ ಕಮಲಾಪುರದಲ್ಲಿ ಇದೇ ಸಂಸ್ಥೆಯ ವಸತಿ ಐತಿ. ಕರಡಿ ನೋಡಲು 1994ರಲ್ಲಿ ಘೋಷಣೆಯಾದ ದರೋಜಿ ಕರಡಿ ಧಾಮ ಅಲ್ಲೇ ಪಕ್ಕ. ಆದರೆ ಅದು ಬಂಡೆಗಲ್ಲಿನ ಕುರುಚಲು ಕಾಡು, ಫೋಟೋದಾಗಿನ ಹಸಿರು ಕಾಡಲ್ಲ. ರಾಯಚೂರು ಜಿಲ್ಲೆಯಲ್ಲಂತೂ ಹೇಳಿಕೊಳ್ಳುವಂಥ ದಟ್ಟ ಕಾಡೇ ಇಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳೋ ನಾಡು ನಮ್ಮದು. ಸಿರವಾರ, ಮಾನ್ವಿ ಕಡೆ ಕಣ್ಣಿಗೆ ಹಸಿರು ಕಾಣೋದು ತುಂಗಭದ್ರಾ ಎಡದಂಡೆ ಕಾಲುವೆ ಪುಣ್ಯದಿಂದ.

ನಮ್ಮ ಬಿಸಿಲಿಗೆ ಮರದ ಗೋಡೆ ತಂಪೋ, ಸೆಕೆಯೋ?

ಬಹಳ ಜನ ಎಡವೋದು ಇಲ್ಲೇ. ಮರ ಬಿಸಿಯನ್ನ ಬೇಗ ಒಳಗೆ ಬಿಡೋದಿಲ್ಲ ಅನ್ನೋದು ಖರೆ. ಅಷ್ಟೇ ದಪ್ಪದ ಕಾಂಕ್ರೀಟಿಗೆ ಹೋಲಿಸಿದರೆ ಮರದಲ್ಲಿ ಬಿಸಿ ಹಾಯೋದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಅದಕ್ಕೇ ಮರದ ಮನೆ ತಂಪು ಅಂತ ಮಾರುವವರು ಹೇಳ್ತಾರ. ಆದರೆ ವಿಡಿಯೋದಾಗಿನ ಮನೆ ಗೋಡೆ ಒಂದು ಇಂಚಿನ ಹಲಗೆ, ಮೇಲೆ ತಗಡು, ಮುಂದೆ ದೊಡ್ಡ ಗಾಜು. ಕಾಡಿನ ನೆರಳಿನಾಗ, ಮಲೆನಾಡ ಹವಾದಾಗ ಅದು ನಡೀತದ. ಮೇ ತಿಂಗಳ 42-43 ಡಿಗ್ರಿ ಬಿಸಿಲಿಗೆ ಬಯಲು ಹೊಲದಾಗ ನಿಲ್ಲಿಸಿದರೆ ಮಧ್ಯಾಹ್ನ ಒಳಗೆ ಕೂಡಲಿಕ್ಕಾಗಲ್ಲ. ಗಾಜು ಮತ್ತು ತಗಡಿನಿಂದ ಬರೋ ಬಿಸಿಯನ್ನ ತೆಳು ಹಲಗೆ ಹೀರಿಕೊಂಡು ಇಟ್ಟುಕೊಳ್ಳಲಾರದು. ಒಳಗಿನ ಗಾಳಿಯೇ ಕಾಯತ್ತ. ಎಸಿ ಹಾಕಲೇಬೇಕು, ಜೆಸ್ಕಾಂ ಬಿಲ್ಲೂ ಕಟ್ಟಲೇಬೇಕು.

ಇದೇ ಮಾತಿಗೆ ನಮ್ಮ ಹಳೇ ಮಾಳಿಗೆ ಮನಿ ನೋಡ್ರಿ. ಕವಿತಾಳ, ಸಿರವಾರ, ದೇವದುರ್ಗದ ಹಳ್ಳಿಗಳಲ್ಲಿ ಇವು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಾವ. ಪಡಸಾಲಿಯಾಗ ಮರದ ಕಂಬ, ಕಂಬದ ಮೇಲೆ ತೊಲಿ, ತೊಲಿ ಮೇಲೆ ಒತ್ತಾಗಿ ಜಂತಿ, ಜಂತಿ ಮೇಲೆ ಕಡ್ಡಿ-ಸೊಪ್ಪು ಹಾಸಿ, ಅದರ ಮೇಲೆ ಒಂದಡಿ ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಇಳಿಸದ ಸವಳು ಮಣ್ಣು. ನಡುವೆ ಒಂದು ಬೆಳಕಿಂಡಿ. ಇದೂ ಮರದ ಮನೇನೇ. ಭಾರ ಹೊರೋದು ಮರ, ಬಿಸಿಲು ಹೊರೋದು ಮಣ್ಣು. ಮಧ್ಯಾಹ್ನದ ಬಿಸಿ ಆ ಒಂದಡಿ ಮಣ್ಣು ದಾಟಿ ಒಳಗೆ ಬರೋ ಹೊತ್ತಿಗೆ ರಾತ್ರಿ ಆಗಿರತ್ತ, ಆಗ ಮನಿ ಮಂದಿ ಮಾಳಿಗೆ ಮೇಲೆ ಮಲಗಿರತಾರ. ತೊಲಿಗೆ ಬೇವು, ಕರಿಜಾಲಿಯಂಥ ಊರ ಮರ, ಬಾಗಿಲಿಗೆ ಕೈಗೆ ಎಟುಕಿದರೆ ಸಾಗವಾನಿ. ಕಾಡು ಇಲ್ಲದ ನಾಡಿನಾಗ ಮರವನ್ನ ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ ಹಾಕಿದ ಲೆಕ್ಕ ಇದು.

ಹಂಗಾಗಿ ನಮ್ಮ ಹೊಲದಾಗ ಮರದ ಮನೆ ಬೇಕೇಬೇಕು ಅನ್ನೋರು ಪೂರ್ತಿ ಫೋಟೋ ನಕಲು ಮಾಡೋದಕ್ಕಿಂತ ಮೂರು ಸಂಗತಿ ಬದಲಿಸಿಕೊಂಡರೆ ಮನೆ ಇರಲಿಕ್ಕೆ ಆಗತ್ತ. ಛಾವಣಿ ತಗಡಿನ ಒಂದೇ ಪದರ ಇರಬಾರದು, ಕೆಳಗೆ ಗಾಳಿ ಆಡೋ ಜಾಗ ಬಿಟ್ಟು ಇನ್ನೊಂದು ಛಾವಣಿ ಬೇಕು. ಪಡುವಣ ದಿಕ್ಕಿಗೆ ಗಾಜು ಬ್ಯಾಡ. ಸುತ್ತ ಕನಿಷ್ಠ ಐದಾರು ಅಡಿ ಚಾಚಿದ ಪಡಸಾಲಿ ಇರಲಿ. ಹಿಂದಿನ ಗೋಡೆ ಮಣ್ಣಿಂದೋ ಕಲ್ಲಿಂದೋ ಆದರೆ ಇನ್ನೂ ಚಲೋ.

ಎರೆ ಮಣ್ಣಿನಾಗ ಪಾಯ

ಎರೆ ಭೂಮಿಯ ಮಟ್ಟಿಗೆ ಮರದ ಮನೆಗೆ ಒಂದು ಲಾಭ ಐತಿ, ಅದನ್ನೂ ಹೇಳಬೇಕು. ಎರೆ ಮಳೆಗಾಲದಾಗ ಉಬ್ಬತ್ತ, ಬ್ಯಾಸಗಿಯಾಗ ಕೈ ಹೋಗುವಷ್ಟು ಬಿರಿಯತ್ತ. ಇಟ್ಟಿಗೆ ಗೋಡೆ ಇದಕ್ಕೇ ಸೀಳೋದು. ಮರದ ಚೌಕಟ್ಟು ಹಗುರ, ಸ್ವಲ್ಪ ಅಲುಗಿದರೂ ಒಡೆಯೋದಿಲ್ಲ. ಇಂಥ ಮಣ್ಣಿಗೆ ಅಂತಲೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ತಳದಲ್ಲಿ ಗಡಿಗೆಯಂತೆ ಅಗಲ ಮಾಡಿದ ಕಾಂಕ್ರೀಟ್ ಕಂಬದ ಪಾಯ ರೂಪಿಸಿದೆ. ಇಂಜಿನಿಯರ್‌ಗಳು ಅದಕ್ಕೆ ಅಂಡರ್‌ರೀಮ್ಡ್ ಪೈಲ್ ಅಂತಾರ. ದಪ್ಪ ಎರೆ ಇದ್ದಲ್ಲಿ ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಇಳಿಸ್ತಾರ, ಉಬ್ಬೋ ಮಣ್ಣಿನ ಕೆಳಗೆ ಅದು ಹಿಡಕೊಂಡು ನಿಲ್ಲತ್ತ. ಅದರ ಮೇಲೆ ನೆಲದಿಂದ ಎರಡಡಿ ಎತ್ತರಿಸಿ ಮನೆ ಕೂಡಿಸಿದರೆ ನೀರೂ ನಿಲ್ಲಲ್ಲ, ಹಾವು-ಚೇಳಿನ ಕಾಟವೂ ಕಮ್ಮಿ, ಗೆದ್ದಲು ಏರಿದರೂ ಕಣ್ಣಿಗೆ ಬೀಳತ್ತ.

ಗೆದ್ದಲು, ಬೆಂಕಿ

ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಬರೋದು. ಕಂಬದ ತಲೆ ಮೇಲೆ ಹೊರಗೆ ಬಾಗಿದ ತಗಡಿನ ಟೋಪಿ ಹಾಕಿದರೆ ಆ ಕೊಳವೆ ಸುತ್ತಿ ಬರಬೇಕಾಗತ್ತ, ವಾರಕ್ಕೊಮ್ಮೆ ನೋಡಿದರೆ ಸಿಕ್ಕಿಬೀಳತ್ತ. ಪಾಯ ತೆಗೆದಾಗಲೇ ಮಣ್ಣಿಗೆ ಔಷಧ ಹಾಕಿಸಬೇಕು, ಮನೆ ಎದ್ದ ಮೇಲೆ ಹಾಕಿಸಿದರೆ ಖರ್ಚು ಜಾಸ್ತಿ, ಗುಣ ಕಮ್ಮಿ. ಬಾವಿ, ಬೋರ್ ಪಕ್ಕದಾಗ ಈ ಔಷಧ ಹಾಕಬಾರದು.

ಮರಕ್ಕೇ ಔಷಧ ಕುಡಿಸೋ ವಿದ್ಯೆಯಲ್ಲಿ ಭಾರತದ ಪಾಲು ದೊಡ್ಡದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿಸಿದ ದ್ರಾವಣವನ್ನ ಒತ್ತಡದಲ್ಲಿ ಮರದೊಳಗೆ ಇಳಿಸೋ ಪದ್ಧತಿ ಕಂಡುಹಿಡಿದವರು ಸೊಂಟಿ ಕಾಮೇಶಂ, 1933ರಲ್ಲಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ. ಜಗತ್ತೆಲ್ಲಾ ಕರೆಂಟ್ ಕಂಬ, ಬೇಲಿ, ಮನೆಗೆ ಅದನ್ನೇ ಬಳಸಿತು. ಆರ್ಸೆನಿಕ್ ವಿಷ ಅನ್ನೋ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಅದನ್ನ ನಿಲ್ಲಿಸಲಾಯಿತು. ಈಗ ಮನೆಗೆ ಬೋರಾನ್ ಅಥವಾ ತಾಮ್ರದ ಬೇರೆ ಮಿಶ್ರಣ ಕೇಳಬೇಕು. ಹಳೇ ಔಷಧದ ಮರದ ತುಂಡನ್ನ ಒಲೆಗೆ ಹಾಕಲೇಬಾರದು. ಸಂಶಯ ಇದ್ದವರಿಗೆ ಬೆಂಗಳೂರು ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಐತಿ. 1938ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಪ್ರಯೋಗಾಲಯವೇ ಮುಂದೆ ಇದಾಯಿತು.

ಬೆಂಕಿ ವಿಚಾರಕ್ಕೆ ಬಂದರೆ, ದಪ್ಪ ತೊಲೆ ಹೊತ್ತಿದರೂ ಮೇಲೆ ಇದ್ದಿಲಿನ ಪದರ ಕಟ್ಟಿಕೊಂಡು ಒಳಗೆ ನಿಧಾನಕ್ಕೆ ಸುಡತ್ತ, ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಮ್ಮಿ. ಅಪಾಯ ಇರೋದು ತೆಳು ಹಲಗೆ, ಒಳಗಿನ ವೈರಿಂಗು, ಅಡುಗೆಮನಿ ಗ್ಯಾಸಿನಿಂದ. ನಮ್ಮ ಕಡೆ ಇನ್ನೊಂದು ಐತಿ: ಬಣವಿ. ಕಣಕಿ, ಹುಲ್ಲಿನ ಬಣವಿಯಿಂದ ಮನೆ ದೂರ ಇರಲಿ. ಕಟಾವಾದ ಮೇಲೆ ಹೊಲಕ್ಕೆ ಬೆಂಕಿ ಇಡೋ ರೂಢಿ ಪಕ್ಕದವರಿಗಿದ್ದರೆ ಸುತ್ತ ಅಗಲದ ಪಟ್ಟಿ ನೇಗಿಲು ಹೊಡೆದು ಬಿಡಬೇಕು. ಏಕಾಂತ ಬೇಕು ಅಂತ ದೂರ ಕಟ್ಟಿದವರು ಅಗ್ನಿಶಾಮಕದ ಗಾಡಿ ಅಲ್ಲಿತನಕ ಬರೋ ದಾರಿ ಐತೋ ಇಲ್ಲೋ ಅದನ್ನೂ ನೋಡಿಕೊಳ್ಳಬೇಕು.

ಮರ ಎಷ್ಟು ಬೇಕು, ಯಾವುದು?

ಮರ ಮಾರೋದು ಘನ ಅಡಿ ಲೆಕ್ಕದಾಗ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ದಪ್ಪ ಅಂದ್ರ ಒಂದು ಘನ ಅಡಿ. ಇದರಿಂದ ಒಂದಿಂಚಿನ ಹಲಗೆ 12 ಚದರಡಿ ಬರತ್ತ. 20 ಅಡಿ ಉದ್ದ, 15 ಅಡಿ ಅಗಲದ ಒಂದೇ ಕೋಣೆ ಅಂತ ಇಟಕೊಳ್ರಿ. ಸುತ್ತಳತೆ 70 ಅಡಿ, ಎತ್ತರ 9 ಅಡಿ, ಗೋಡೆ 630 ಚದರಡಿ. ಒಂದಿಂಚು ಹಲಗೆ ಒಂದೇ ಬದಿ ಬಡಿದರೂ ಐವತ್ತೆರಡೂವರೆ ಘನ ಅಡಿ, ಎರಡೂ ಬದಿ ಅಂದ್ರ 105. ನೆಲಕ್ಕೆ 25. ಬಾಗಿಲು-ಕಿಟಕಿ ಜಾಗ ಕಳೆದರೂ ಕಂಬ, ತೊಲೆ, ಛಾವಣಿ ಬೇರೆ ಕೂಡಬೇಕು. ಈ ಲೆಕ್ಕ ಕೊಯ್ದ ಮರದ್ದು. ದಿಮ್ಮಿ ತಂದು ಸಾಮಿಲ್ಲಿಗೆ ಹಾಕಿದರೆ ಸಿಪ್ಪೆ, ಬಿಳಿ ಭಾಗ, ಹೊಟ್ಟು ಅಂತ ಬಹಳಷ್ಟು ಕಳೀತದ. ಇವತ್ತಿನ ಸಾಗವಾನಿ ರೇಟು ಕೇಳಿ ಗುಣಿಸಿದರೆ ಯಾಕ ಯಾರೂ ಪೂರ್ತಿ ಸಾಗವಾನಿ ಮನೆ ಕಟ್ಟೋದಿಲ್ಲ ಅನ್ನೋದು ತಾನೇ ತಿಳೀತದ.

ಹಸಿ ಮರ ತಂದು ಕೂಡಿಸಬಾರದು. ನೆರಳಿನಾಗ, ನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಿ ತಿಂಗಳುಗಟ್ಟಲೆ ಒಣಗಿಸಬೇಕು, ಇಲ್ಲವೇ ಭಟ್ಟಿಯಲ್ಲಿ ಒಣಗಿಸಿದ್ದು ಕೊಳ್ಳಬೇಕು. ಮರದ ತೇವ ನೂರಕ್ಕೆ ಹತ್ತು-ಹನ್ನೆರಡರ ಸುತ್ತ ಬಂದಿರಬೇಕು, ಅಳೆಯೋ ಸಣ್ಣ ಮೀಟರ್ ಸಿಗತ್ತ. ಮಲೆನಾಡಿನ ತೇವದಾಗ ಇದ್ದ ಹಲಗೆ ನೇರ ತಂದು ನಮ್ಮ ಒಣ ಬ್ಯಾಸಗಿಗೆ ಬಡಿದರೆ ಒಂದೇ ಸೀಸನ್ನಿಗೆ ಸಂದಿ ಬಿಡತ್ತ. ಇದನ್ನ ಊರ ಬಡಿಗೇರರು ಯಾವ ಮೀಟರೂ ಇಲ್ಲದೆ ಬಡಿದು ಸಪ್ಪಳ ಕೇಳಿ ಹೇಳ್ತಾರ, ಅವರನ್ನ ಕರಕೊಂಡೇ ಖರೀದಿಗೆ ಹೋಗೋದು ಚಲೋ.

ಬಿದಿರು ಇನ್ನೊಂದು ದಾರಿ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರನ್ನ ಅರಣ್ಯ ಕಾಯ್ದೆಯ 'ಮರ'ದ ಪಟ್ಟಿಯಿಂದ ತೆಗೆಯಲಾಗಿದೆ. ಬೋರಿಕ್ ಆಸಿಡ್-ಬೋರಾಕ್ಸ್ ನೀರಿನಾಗ ನೆನೆಸದೆ ಬಳಸಿದರೆ ಮಾತ್ರ ಹುಳ ಬಿದ್ದು ಪುಡಿ ಉದುರತ್ತ.

ಕಡಿಯಲಿಕ್ಕೆ, ಸಾಗಿಸಲಿಕ್ಕೆ, ಕಟ್ಟಲಿಕ್ಕೆ ಪರವಾನಗಿ

ನಮ್ಮ ಹೊಲದ ಮರ ನಮ್ಮದು ಅನ್ನೋ ಮಾತು ಪೂರ್ತಿ ನಿಜ ಅಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಬೇವು, ಸಾಗವಾನಿಗೆ ಇಲ್ಲ. ಕಡಿದ ಮರ ಸಾಗಿಸಲು ರಹದಾರಿ ಬೇರೆ. ಹಳೇ ಮನೆ ಕೆಡವಿದ ತೊಲೆ-ಬಾಗಿಲು ಕೊಳ್ಳುವವರೂ ಎಲ್ಲಿಂದ ಬಂತು ಅನ್ನೋ ಚೀಟಿ, ರಸೀದಿ ಇಟಕೊಂಡಿರಬೇಕು, ಚೆಕ್‌ಪೋಸ್ಟಿನಾಗ ಬಾಯಿ ಮಾತು ನಡೆಯಲ್ಲ.

ಇನ್ನು ಜಮೀನು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ರೈತ ತನ್ನ ಹಿಡುವಳಿಯ ನೂರಕ್ಕೆ ಹತ್ತರ ಮಿತಿಯೊಳಗೆ, ನಿಯಮ ಹೇಳಿದ ಗರಿಷ್ಠ ಅಳತೆ ಮೀರದಂತೆ, ತೋಟದ ಮನೆ ಕಟ್ಟಿಕೊಳ್ಳಬಹುದು. ಅದು ಸ್ವಂತ ಬಳಕೆಗೆ ಮಾತ್ರ. ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ ಅಂತ ಕಲಮಿನಲ್ಲೇ ಬರೆದಿದೆ. ಅಂದರೆ ಪ್ರವಾಸಿಗರಿಗೆ ಕೊಡೋದಾದರೆ ಮೊದಲು ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ, ಅಂದ್ರ ಎನ್‌ಎ ಆಗಬೇಕು, ಆಮೇಲೆ ಸ್ಥಳೀಯ ಸಂಸ್ಥೆಯ ಲೈಸೆನ್ಸು, ಪ್ರವಾಸೋದ್ಯಮ ಇಲಾಖೆ ನೋಂದಣಿ. ಕವಿತಾಳದ ಒಳಗಾದರೆ ಪಟ್ಟಣ ಪಂಚಾಯಿತಿ, ಸುತ್ತಲ ಹಳ್ಳಿಯಾದರೆ ಗ್ರಾಮ ಪಂಚಾಯಿತಿ. ಮರದ ಮನೆ, ಪಾಯ ಇಲ್ಲ, ಎತ್ತಿಕೊಂಡು ಹೋಗಬಹುದು, ಹಂಗಾಗಿ ಪರವಾನಗಿ ಬ್ಯಾಡ ಅಂತ ಕೆಲವು ಮಾರಾಟಗಾರರು ಹೇಳ್ತಾರ. ಜಮೀನಿನ ಬಳಕೆ ಬದಲಾದರೆ ಸಾಕು, ಗೋಡೆ ಮರದ್ದೋ ಇಟ್ಟಿಗೆಯದ್ದೋ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರೋದಿಲ್ಲ.

ಕಾಡಿನ ಪಕ್ಕದ ಪ್ಲಾಟು

2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಲ್ಲಿಂದ ಮಲೆನಾಡ ಕಡೆ ಗುಂಟೆ ಲೆಕ್ಕದಾಗ 'ಫಾರೆಸ್ಟ್ ವ್ಯೂ' ಪ್ಲಾಟು ಮಾರೋ ಜಾಹೀರಾತು ಇಲ್ಲಿಯ ಫೋನಿಗೂ ಬರ್ತಾವ. ಅಲ್ಲಿ ಹೋಗಿ ಕಾಡು ನೋಡಿ ಖುಷಿಯಾಗಿ ಮುಂಗಡ ಕೊಡೋ ಮುಂಚೆ ಪಹಣಿ, ಸರ್ವೆ ನಕ್ಷೆ ಎರಡನ್ನೂ ಕೈಯಾಗ ಹಿಡಿದು ಆ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಬೇಕು. ಪಹಣಿಯಲ್ಲಿ ಖಾಸಗಿ ಹೆಸರಿದ್ದರೂ ಜಮೀನು ಕಾಡಿನ ಲೆಕ್ಕದಾಗ ಇರಬಹುದು. 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ಸುಪ್ರೀಂ ಕೋರ್ಟ್, ಮಾಲೀಕರು ಯಾರೇ ಇರಲಿ, ಕಾಡಿನ ಲಕ್ಷಣ ಇದ್ದದ್ದು ಕಾಡೇ ಅಂದಿದೆ. ಡೀಮ್ಡ್ ಫಾರೆಸ್ಟ್ ಅನ್ನೋ ಮಾತು ಬಂದಿದ್ದು ಅಲ್ಲಿಂದ. ಅಂಥ ಜಾಗದಾಗ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡಿ ಅನುಮತಿ ಇಲ್ಲದೆ ಒಂದು ಕಂಬವನ್ನೂ ನಿಲ್ಲಿಸುವಂತಿಲ್ಲ. ಹುಲಿ ಮೀಸಲು, ವನ್ಯಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಇದ್ದರೆ ಹೊಸ ಹೋಟೆಲು, ರೆಸಾರ್ಟಿಗೆ ಇನ್ನೊಂದು ಸುತ್ತಿನ ನಿರ್ಬಂಧ.

ಇದು ಬರೇ ಕಾಗದದ ಮಾತಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದ ಮೇಲೆ, ಆಗಸ್ಟ್ ಮೊದಲ ವಾರದಲ್ಲೇ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಪಶ್ಚಿಮ ಘಟ್ಟದಲ್ಲಿ 2015ರ ನಂತರ ಆದ ಅರಣ್ಯ ಒತ್ತುವರಿ, ಅಕ್ರಮ ರೆಸಾರ್ಟ್, ಹೋಂಸ್ಟೇ ತೆರವಿಗೆ ಸೂಚನೆ ಕೊಟ್ಟು ಕಾರ್ಯಪಡೆ ಮಾಡಿದರು. ಒತ್ತುವರಿ ಜಾಗದ ಮೇಲೆ ಎದ್ದ ಮನೆಯನ್ನ ಕೊಂಡವರು 'ನಮಗ ಗೊತ್ತಿರಲಿಲ್ಲ' ಅಂದರೆ ರೊಕ್ಕ ವಾಪಸ್ ಬರೋದಿಲ್ಲ.

ಹೋಗಿ ಇದ್ದು ಬರೋರಿಗೆ

ಜಂಗಲ್ ಲಾಡ್ಜಸ್ ವಸತಿಗೆ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಬುಕಿಂಗ್ ಆಗತ್ತ, ಸಾಮಾನ್ಯವಾಗಿ ಊಟ, ಸಫಾರಿ ಕೂಡಿಸಿ ಒಬ್ಬರಿಗೆ ಇಷ್ಟು ಅಂತ ದರ. ಕುಟುಂಬದ ಲೆಕ್ಕ ಹಾಕುವಾಗ ಇದು ಮರೆತು ಕೋಣೆ ದರ ಅಂದುಕೊಳ್ಳೋರು ಬಹಳ. ಖಾಸಗಿ ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆ ನೋಂದಣಿ ಸಂಖ್ಯೆ ಕೇಳಿ, ಪೂರ್ತಿ ರೊಕ್ಕ ಮೊದಲೇ ಹಾಕಬ್ಯಾಡ್ರಿ. ದಾಂಡೇಲಿಯಲ್ಲಿ ಮಳೆಗಾಲಕ್ಕೆ ಕಾಳಿ ನದಿಯ ರಾಫ್ಟಿಂಗ್ ಬಂದ್ ಇರತ್ತ, ಜಿಗಣೆ ಕಾಟವೂ ಇರತ್ತ. ನಮ್ಮ ಕಡೆ ಜೋಳ ಬಿತ್ತಿ ಮುಗಿದು ಕೈ ಸ್ವಲ್ಪ ಖಾಲಿಯಾಗೋ ನವೆಂಬರ್ ಹೊತ್ತಿಗೆ ಅಲ್ಲಿ ಮಳೆ ನಿಂತಿರತ್ತ, ಕಾಡು ಹಸಿರಿರತ್ತ. ಹೋದಾಗ ಹಲಗೆ ಗೋಡೆಯನ್ನ ಹೊರಗಿನಿಂದಲೂ ಒಮ್ಮೆ ಸುತ್ತು ಹಾಕಿ ನೋಡ್ರಿ, ನೆಲಕ್ಕೆ ಹತ್ತಿರದ ಹಲಗೆ, ಕಂಬದ ಬುಡ, ಮಳೆ ಹೊಡೆಯೋ ಬದಿ. ಅಲ್ಲಿಯ ಕೆಲಸದವರನ್ನ ಎಣ್ಣೆ, ಬಣ್ಣ ವರ್ಷಕ್ಕೆ ಎಷ್ಟು ಸಲ ಹಚ್ತೀರಿ, ಹಲಗೆ ಎಷ್ಟು ವರ್ಷಕ್ಕೆ ಬದಲಿಸ್ತೀರಿ ಅಂತ ಕೇಳಿದರೆ ಯಾವ ಜಾಹೀರಾತಿನಾಗೂ ಇಲ್ಲದ ಖರ್ಚಿನ ಲೆಕ್ಕ ಅಲ್ಲೇ ಸಿಗತ್ತ.